ಹೆಸರು ಹಿಡಿದು ಎಣಿಸಿದ ಊರು

1944ನೆಯ ಇಸವಿ ಜುಲೈ 17, ಸೋಮವಾರ. ಅಮೆರಿಕದ ವರ್ಜೀನಿಯಾ ಸಂಸ್ಥಾನದ ಬೆಡ್‌ಫರ್ಡ್ ಎಂಬ ಸಣ್ಣ ಪಟ್ಟಣದಲ್ಲಿ, ಗ್ರೀನ್ ಎಂಬವರ ಔಷಧದ ಅಂಗಡಿಯೊಳಗಿದ್ದ ತಂತಿ ಕಚೇರಿಗೆ ಎಲಿಜಬೆತ್ ಟೀಸ್ ಎಂಬ ಇಪ್ಪತ್ತೊಂದು ವರ್ಷದ ತರುಣಿ ಎಂದಿನಂತೆ ಬಂದು, ಯಂತ್ರವನ್ನು ಚಾಲೂ ಮಾಡಿ, ಸಮೀಪದ ರೋನೋಕ್ ನಗರದ ಕಚೇರಿಗೆ ಬೆಳಗಿನ ನಮಸ್ಕಾರವನ್ನು ತಿಳಿಸಿ, ಬೆಡ್‌ಫರ್ಡ್ ಸಿದ್ಧವಾಗಿದೆ, ಕಳುಹಿಸಬೇಕಾದುದನ್ನು ಕಳುಹಿಸಬಹುದು ಎಂದಳು. ಸಾವುನೋವಿನ ಸುದ್ದಿಯಿದೆ ಎಂದು ಅತ್ತಣಿಂದ ಉತ್ತರ ಬಂದಿತು. ಯುದ್ಧದ ದಿನಗಳಲ್ಲಿ ಅಂತಹದೊಂದು ತಂತಿ ಬರುವುದು ಯಾವ ಊರಿಗೂ ಹೊಸದಾಗಿರಲಿಲ್ಲ. ಆದುದರಿಂದ ಒಂದು ಮುಗಿದೊಡನೆ ಯಂತ್ರ ಸುಮ್ಮನಾಗುವುದೆಂದು ಆಕೆ ಕಾದಳು. ಯಂತ್ರ ಸುಮ್ಮನಾಗಲಿಲ್ಲ. ಒಂದರ ಹಿಂದೊಂದರಂತೆ ಅದು ಬಡಿದು ಹೊರಚೆಲ್ಲಿದ ಕಾಗದದ ಪಟ್ಟಿಗಳಲ್ಲಿ ಆಕೆಗೆ ಅಪರಿಚಿತವಾದ ಮನೆತನದ ಹೆಸರು ಒಂದೂ ಇರಲಿಲ್ಲವೆಂದರೆ ತಪ್ಪಾಗಲಾರದು. ಅಷ್ಟು ಸಣ್ಣ ಊರು ಅದು. ಆ ಒಂದು ದಿನದಲ್ಲಿ ಒಂಬತ್ತು ತಂತಿಗಳು ಬಂದುವು.

ಬೆಡ್‌ಫರ್ಡ್ ಎಂಬುದು ಪಟ್ಟಣದ ಹೆಸರೂ ಹೌದು, ಆ ಪಟ್ಟಣವನ್ನು ನಡುವಿನಲ್ಲಿರಿಸಿಕೊಂಡ ಕೌಂಟಿಯ ಹೆಸರೂ ಹೌದು. ಕೌಂಟಿಯೆಂದರೆ ನಮ್ಮ ತಾಲ್ಲೂಕು ಜಿಲ್ಲೆಗಳಿಗೆ ಹೋಲಿಸಬಹುದಾದ ಆಡಳಿತ ವಿಭಾಗ. ಅಲ್ಲಿಯ ಜನ ಭೂಮಿಯ ಕಾಗದಪತ್ರಕ್ಕೂ, ವ್ಯಾಜ್ಯಕ್ಕೂ, ಮದುವೆಯ ನೋಂದಣಿಗೂ ಕೌಂಟಿಯ ನ್ಯಾಯಾಲಯದ ಕಟ್ಟಡಕ್ಕೇ ಬರುತ್ತಾರೆ. ಊರಿಗೆ ಊರೇ ಸೇರುವ ಸಭೆಗಳು ನಡೆಯುವುದೂ ಆ ಕಟ್ಟಡದ ಮುಂದಣ ಹುಲ್ಲುಹಾಸಿನ ಮೇಲೆಯೇ. ಬ್ಲೂ ರಿಜ್ ಎಂಬ ಪರ್ವತಶ್ರೇಣಿಯ ತಪ್ಪಲಿನಲ್ಲಿ, ಪೀಕ್ಸ್ ಆಫ್ ಆಟರ್ ಎಂಬ ಶಿಖರಗಳ ನೆರಳಿನಲ್ಲಿ ಹರಡಿಕೊಂಡಿರುವ ಈ ಸೀಮೆಯಲ್ಲಿ ಆ ಕಾಲಕ್ಕೆ ಬೇಸಾಯವೇ ಮುಖ್ಯ ಜೀವನವಾಗಿದ್ದಿತು. ಪಟ್ಟಣದಲ್ಲಿ ಉಣ್ಣೆಯ ಬಟ್ಟೆಯ ಗಿರಣಿಯೂ ಬೇರೆ ಕೆಲವು ಸಣ್ಣ ಕಾರ್ಖಾನೆಗಳೂ ಇದ್ದುವು. ಪಟ್ಟಣದ ಜನಸಂಖ್ಯೆ ಸುಮಾರು 3,200. ಇಷ್ಟು ಸಣ್ಣ ಸ್ಥಳದ ಇಪ್ಪತ್ತು ಮಂದಿ ತರುಣರು ಒಂದೇ ದಿನ, ಅವರಲ್ಲಿ ಹತ್ತೊಂಬತ್ತು ಮಂದಿ ಒಂದೇ ಕಡಲತೀರದ ಒಂದೇ ತುಣುಕಿನಲ್ಲಿ, ಪ್ರಾಣ ಬಿಟ್ಟರೆಂದರೆ ಅದು ಹೇಗಾಯಿತು ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜವೇ. ಕಾಕತಾಳೀಯವೆಂದು ಹೇಳಿ ಮುಗಿಸತಕ್ಕ ವಿಷಯ ಇದಲ್ಲ. ಸೇನೆಯನ್ನು ಕಟ್ಟಿದ ಕ್ರಮದಲ್ಲಿಯೇ ಇದರ ಕಾರಣ ಅಡಗಿದೆ.

ಅಮೆರಿಕದ ಪ್ರತಿಯೊಂದು ಸಂಸ್ಥಾನಕ್ಕೂ ನ್ಯಾಷನಲ್ ಗಾರ್ಡ್ ಎಂಬ ಅರೆಕಾಲಿಕ ಸೈನ್ಯವುಂಟು. ಅದರಲ್ಲಿ ಸೇರಿದವರು ತಮ್ಮ ಹೊಲಮನೆಗಳನ್ನೂ ಉದ್ಯೋಗಗಳನ್ನೂ ಬಿಡದೆ, ಗೊತ್ತಾದ ದಿನಗಳಲ್ಲಿ ಮಾತ್ರ ಒಂದೆಡೆ ಕೂಡಿ ಕವಾಯತು ಮಾಡುತ್ತಾರೆ. ಬೇಸಗೆಯಲ್ಲಿ ಕೆಲವು ದಿನ ಶಿಬಿರಕ್ಕೆ ಹೋಗುತ್ತಾರೆ. ದೇಶಕ್ಕೆ ಆಪತ್ತು ಬಂದಾಗ ಪೂರ್ಣ ಸೈನಿಕರಾಗುತ್ತಾರೆ. ಆ ಕಾಲದಲ್ಲಿ ಹೀಗೆ ವಾರವಾರವೂ ಕೂಡಬೇಕಾದವರು ನೆರೆಹೊರೆಯವರೇ ಆಗಿರಬೇಕಷ್ಟೆ. ಅದರಿಂದ ಈ ಸೈನ್ಯದ ಒಂದೊಂದು ಕಂಪನಿಯೂ ಒಂದೊಂದು ಊರಿನ ಸೊತ್ತಿನಂತೆ ಬೆಳೆಯಿತು. 29ನೆಯ ಡಿವಿಜನ್ನಿನ 116ನೆಯ ಕಾಲ್ದಳದ ರೆಜಿಮೆಂಟಿನಲ್ಲಿ ‘ಎ’ ಕಂಪನಿ ಬೆಡ್‌ಫರ್ಡಿನದು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ಕೈಗೆ ಕಾಸು ಕಾಣದ ರೈತರ ಮಕ್ಕಳಿಗೆ ಒಂದು ಕವಾಯತಿಗೆ ದೊರೆಯುತ್ತಿದ್ದ ಒಂದು ಡಾಲರು ಸಣ್ಣ ಮೊತ್ತವಾಗಿರಲಿಲ್ಲ. ಅದರೊಡನೆ ಒಳ್ಳೆಯ ಸಮವಸ್ತ್ರವೂ, ಊರಿನ ಹುಡುಗಿಯರ ಮುಂದೆ ಮೆರವಣಿಗೆಯಲ್ಲಿ ನಡೆಯುವ ಸಂಭ್ರಮವೂ, ಬಾಲ್ಯದ ಗೆಳೆಯರ ಸಹವಾಸವೂ ಸೇರಿದ ಮೇಲೆ ಸೇರದೆ ಉಳಿಯುವವರು ಯಾರು? ಅಣ್ಣ ಸೇರಿದನೆಂದು ತಮ್ಮನೂ, ಬೇಸ್‌ಬಾಲ್ ತಂಡದ ಒಬ್ಬ ಸೇರಿದನೆಂದು ಮತ್ತೊಬ್ಬನೂ ಸೇರಿದರು.

ಇಂತಹ ಕೂಟದಲ್ಲಿ ಸೈನ್ಯಕ್ಕೆ ಒಂದು ಲಾಭವುಂಟು, ಊರಿಗೆ ಒಂದು ಅಪಾಯವುಂಟು. ಪರಸ್ಪರ ಬಲ್ಲವರು ಪರಸ್ಪರ ಬಿಟ್ಟುಕೊಡುವುದಿಲ್ಲ ಎಂಬುದು ಲಾಭ. ಸಿಡಿಲು ಬಡಿದರೆ ಎಲ್ಲರಿಗೂ ಒಮ್ಮೆಗೇ ಬಡಿಯುತ್ತದೆ ಎಂಬುದು ಅಪಾಯ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಒಂದೊಂದು ಪಟ್ಟಣದ ಗೆಳೆಯರನ್ನು ಒಂದೊಂದು ಪಡೆಯಾಗಿ ಕಟ್ಟಿ, 1916ರ ಜುಲೈ 1ರಂದು ಸೋಮ್ ಕದನದಲ್ಲಿ ಆ್ಯಕ್ರಿಂಗ್ಟನ್ ಮೊದಲಾದ ಊರುಗಳು ಒಂದೇ ಬೆಳಗಿನಲ್ಲಿ ತಮ್ಮ ತರುಣರನ್ನು ರಾಶಿರಾಶಿಯಾಗಿ ಕಳೆದುಕೊಂಡುದನ್ನು ಕಂಡಿದ್ದರು. ಆ ಪಾಠ ಆಗಲೇ ಇತಿಹಾಸದಲ್ಲಿದ್ದಿತು. ಆದರೂ ಇಪ್ಪತ್ತೆಂಟು ವರ್ಷಗಳ ತರುವಾಯ ಅದನ್ನು ಬೆಡ್‌ಫರ್ಡ್ ಮತ್ತೊಮ್ಮೆ ಕಲಿಯಬೇಕಾಯಿತು.

1941ರ ಫೆಬ್ರವರಿ 3ರಂದು, ಒಂದು ವರ್ಷದ ತರಬೇತಿಗೆಂದು ಕಂಪನಿಯನ್ನು ಸೇವೆಗೆ ಕರೆದುಕೊಂಡರು. ವರ್ಷ ಮುಗಿಯುವ ಮುನ್ನವೇ ಪರ್ಲ್ ಹಾರ್ಬರ್ ಮೇಲೆ ಜಪಾನೀಯರ ಬಾಂಬು ಬಿದ್ದು, ಅಮೆರಿಕ ಯುದ್ಧಕ್ಕೆ ಇಳಿದು, ಮನೆಗೆ ಮರಳುವ ಮಾತು ಅಲ್ಲಿಗೇ ನಿಂತಿತು. 1942ರ ಸೆಪ್ಟೆಂಬರಿನ ಕೊನೆಯಲ್ಲಿ ‘ಕ್ವೀನ್ ಮೇರಿ’ ಎಂಬ ಮಹಾನೌಕೆಯಲ್ಲಿ ಅವರು ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಮೃತ್ಯುವಿನ ಮೊದಲ ದರ್ಶನ ಅವರಿಗೆ ಆದುದು ಆ ಪಯಣದಲ್ಲಿಯೇ. ಅಕ್ಟೋಬರ್ 2ರಂದು ಆ ನೌಕೆ ತನಗೆ ಬೆಂಗಾವಲಾಗಿದ್ದ ‘ಕ್ಯುರಸೋವಾ’ ಎಂಬ ಬ್ರಿಟಿಷ್ ಯುದ್ಧನೌಕೆಗೇ ಡಿಕ್ಕಿ ಹೊಡೆದು ಅದನ್ನು ಇಬ್ಭಾಗವಾಗಿ ಸೀಳಿತು. ಜಲಾಂತರ್ಗಾಮಿಗಳ ಭಯದಿಂದ ನಿಲ್ಲಬಾರದೆಂಬ ಆಜ್ಞೆಯಿದ್ದುದರಿಂದ ಕ್ವೀನ್ ಮೇರಿ ನಿಲ್ಲದೆ ಮುಂದೆ ಸಾಗಿತು; ಮುನ್ನೂರಕ್ಕೂ ಹೆಚ್ಚು ನಾವಿಕರು ನೀರುಪಾಲಾದರು. ಅನಂತರ ಇಪ್ಪತ್ತು ತಿಂಗಳು ಇಂಗ್ಲೆಂಡಿನ ಮಳೆಯಲ್ಲಿಯೂ ಡೆವನ್ ಸೀಮೆಯ ಬಂಜರು ಬಯಲಿನಲ್ಲಿಯೂ ಅವರ ಶಿಕ್ಷಣ ನಡೆಯಿತು. ಅಷ್ಟು ಕಾಲ ಕಾದ ಮೇಲೆ ಅವರಿಗೆ ದೊರೆತ ಕಾರ್ಯ ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ನಾರ್ಮಂಡಿಯಲ್ಲಿ, ‘ಒಮಾಹಾ’ ಎಂಬ ಸಂಕೇತನಾಮದ ಕಡಲತೀರದ ಬಲತುದಿಯಲ್ಲಿ, ವಿಯರ್‌ವಿಲ್ ಎಂಬ ಹಳ್ಳಿಗೆ ಏರುವ ಕಣಿವೆಯ ಬಾಯಲ್ಲಿ, ಎಲ್ಲರಿಗಿಂತಲೂ ಮೊದಲು ಇಳಿಯುವುದು. ‘ಸೇವಿಂಗ್ ಪ್ರೈವೇಟ್ ರಯಾನ್’ ಎಂಬ ಚಲನಚಿತ್ರವನ್ನು ನೋಡಿದವರು ಅದರ ಆರಂಭದಲ್ಲಿ ಕಂಡ ತೀರ ಇದೇ.

ಕಂಪನಿಯ ನಾಯಕನಾಗಿದ್ದವನು ಕ್ಯಾಪ್ಟನ್ ಟೇಲರ್ ಫೆಲ್ಲರ್ಸ್, ಬೆಡ್‌ಫರ್ಡ್ ಸೀಮೆಯವನೇ. ಅವನ ಪಡೆಯಲ್ಲಿ ರಾಯ್ ಸ್ಟೀವನ್ಸ್, ರೇ ಸ್ಟೀವನ್ಸ್ ಎಂಬ ಅವಳಿ ಸಹೋದರರಿದ್ದರು. ಬೆಡ್‌ಫರ್ಡ್ ಹೋಬ್ಯಾಕ್, ರೇಮಂಡ್ ಹೋಬ್ಯಾಕ್ ಎಂಬ ಅಣ್ಣತಮ್ಮಂದಿರಿದ್ದರು. ‘ಎಂಪೈರ್ ಜಾವೆಲಿನ್’ ಎಂಬ ಹಡಗಿನಿಂದ ದೋಣಿಗಳಿಗೆ ಇಳಿಯುವ ಮುನ್ನ ಕತ್ತಲಿನಲ್ಲಿ ರೇ ತನ್ನ ಅವಳಿ ಅಣ್ಣನಿಗೆ ಕೈ ಚಾಚಿದನು. ರಾಯ್ ಅದನ್ನು ಹಿಡಿಯಲಿಲ್ಲ. ವಿಯರ್‌ವಿಲ್‌ನ ಕೂಡುರಸ್ತೆಯಲ್ಲಿ ಭೇಟಿಯಾಗಿ ಅಲ್ಲಿ ಕೈ ಕುಲುಕೋಣ ಎಂದು ಹೇಳಿದನು. ಅದು ಬೀಳ್ಕೊಡುಗೆಯಾಗಬಾರದೆಂಬ ಆಸೆಯಿಂದ ಆಡಿದ ಮಾತು. ಮುಂದೆ ಬದುಕಿದಷ್ಟು ಕಾಲವೂ ಆತನು ಆ ಚಾಚಿದ ಕೈಯನ್ನು ಮರೆಯಲಾರದವನಾದನು.

ಡಿ-ಡೇ ಎಂದು ಹೆಸರಾದ 1944ರ ಜೂನ್ 6ರ ಬೆಳಗ್ಗೆ ಆರೂವರೆ ಗಂಟೆಯ ಸುಮಾರಿಗೆ ದೋಣಿಗಳು ದಡವನ್ನು ಮುಟ್ಟಿದುವು. ಸಮುದ್ರ ಇಳಿದಿದ್ದುದರಿಂದ ನೀರಿನಂಚಿಗೂ ದಡದ ದಿಬ್ಬಕ್ಕೂ ನಡುವೆ ಮರೆಯೆಂಬುದಿಲ್ಲದ ನೂರಾರು ಗಜಗಳ ಮರಳು ಬಿದ್ದಿತ್ತು. ಮೋಡ ಕವಿದಿದ್ದುದರಿಂದ ವಿಮಾನಗಳು ಸುರಿಸಿದ ಬಾಂಬುಗಳು ಶತ್ರುವಿನ ಕೋಟೆಗಳನ್ನು ಬಿಟ್ಟು ಬಹುದೂರ ಒಳನಾಡಿನಲ್ಲಿ ಬಿದ್ದಿದ್ದುವು. ಅದರಿಂದ ತೀರದಲ್ಲಿ ಅಡಗಿಕೊಳ್ಳಲು ಒಂದು ಬಾಂಬಿನ ಗುಂಡಿಯೂ ಇರಲಿಲ್ಲ, ದಿಬ್ಬದ ಮೇಲಣ ಮೆಷಿನ್‌ಗನ್ನುಗಳಲ್ಲಿ ಒಂದಕ್ಕೂ ಊನ ತಟ್ಟಿರಲಿಲ್ಲ. ಬೆಡ್‌ಫರ್ಡಿನ 31 ಮಂದಿ ಮೊದಲ ಅಲೆಯ ದೋಣಿಗಳನ್ನು ಏರಿದ್ದರು. ಒಂದು ದೋಣಿ ದಡದಿಂದ ದೂರದಲ್ಲಿಯೇ ಮುಳುಗಿದ್ದರಿಂದ ಅದರಲ್ಲಿದ್ದ ಐವರು ತೀರವನ್ನು ತಲುಪಲೇ ಇಲ್ಲ, ಬದುಕಿದರು. ರಾಯ್ ಸ್ಟೀವನ್ಸ್ ಅವರಲ್ಲಿ ಒಬ್ಬ. ತೀರವನ್ನು ಮುಟ್ಟಿದ 26 ಮಂದಿಯಲ್ಲಿ 16 ಮಂದಿ ಕೆಲವೇ ನಿಮಿಷಗಳಲ್ಲಿ ಹತರಾದರು, ನಾಲ್ವರು ಗಾಯಗೊಂಡರು, ಮೂವರ ಸುಳಿವು ಸಿಗದೆ, ಅವರೂ ಮಡಿದರೆಂದು ಅನಂತರ ನಿಶ್ಚಯಿಸಲಾಯಿತು. ಕ್ಯಾಪ್ಟನ್ ಫೆಲ್ಲರ್ಸ್ ಸತ್ತನು, ರೇ ಸ್ಟೀವನ್ಸ್ ಸತ್ತನು, ಹೋಬ್ಯಾಕ್ ಸಹೋದರರಿಬ್ಬರೂ ಸತ್ತರು. ಕೆಲವು ದಿನಗಳ ಬಳಿಕ ಇಂಗ್ಲೆಂಡಿನಿಂದ ಮತ್ತೆ ನಾರ್ಮಂಡಿಗೆ ಬಂದ ರಾಯ್, ಹೊಸದಾಗಿ ಎದ್ದ ಸಮಾಧಿಭೂಮಿಯಲ್ಲಿ ತನ್ನ ಊರಿನವರು ಯಾರಾದರೂ ಇರುವರೆ ಎಂದು ಹುಡುಕುತ್ತ ಹೋಗಿ, ತಮ್ಮನ ಹೆಸರಿನ ಮುಂದೆಯೇ ನಿಲ್ಲಬೇಕಾಯಿತು.

ಇತ್ತ ಬೆಡ್‌ಫರ್ಡಿನಲ್ಲಿ ಯಾರಿಗೂ ಏನೂ ತಿಳಿಯದು. ಫ್ರಾನ್ಸಿನಲ್ಲಿ ಸೈನ್ಯ ಇಳಿದ ಸುದ್ದಿ ಅಂದೇ ಬಂದಿತ್ತು, ಚರ್ಚುಗಳಲ್ಲಿ ಪ್ರಾರ್ಥನೆಯಾಗಿತ್ತು, ಆದರೆ ಹುಡುಗರ ಕಾಗದಗಳು ನಿಂತುಹೋಗಿದ್ದುವು. ಐದಾರು ವಾರ ಆ ಮೌನವನ್ನು ಹೊತ್ತ ಮೇಲೆ ತಂತಿಗಳು ಬಂದುವು. ಒಂದೆರಡಾಗಿದ್ದರೆ ತಂತಿಯ ಹುಡುಗನೇ ಒಯ್ದು ಕೊಡಬಹುದಾಗಿತ್ತು; ಇಷ್ಟನ್ನು ಒಬ್ಬನು ಹೊರುವಂತಿರಲಿಲ್ಲ. ಕೌಂಟಿಯ ಶೆರೀಫ್, ಊರಿನ ವೈದ್ಯ, ಶವಸಂಸ್ಕಾರದ ಏರ್ಪಾಡು ಮಾಡುವವನು, ಬಾಡಿಗೆ ಕಾರಿನ ಚಾಲಕ, ಹೀಗೆ ಅಂಗಡಿಯಲ್ಲಿ ಆ ಹೊತ್ತಿಗೆ ಸಿಕ್ಕಿದವರೆಲ್ಲರೂ ಒಂದೊಂದು ಲಕೋಟೆಯನ್ನು ಕೈಯಲ್ಲಿ ಹಿಡಿದು ಮಣ್ಣಿನ ದಾರಿಗಳಲ್ಲಿ ತೋಟದ ಮನೆಗಳಿಗೆ ಹೊರಟರು. ಆ ಕಾಲದಲ್ಲಿ ಅಮೆರಿಕದ ಮನೆಗಳಲ್ಲಿ ಒಂದು ಪದ್ಧತಿಯಿದ್ದಿತು: ಮಗನು ಸೈನ್ಯದಲ್ಲಿದ್ದರೆ ಕಿಟಕಿಯಲ್ಲಿ ನೀಲಿಯ ನಕ್ಷತ್ರವುಳ್ಳ ಪುಟ್ಟ ಬಾವುಟವನ್ನು ತೂಗುಹಾಕುವರು, ಆತನು ಮಡಿದರೆ ನೀಲಿಯ ಮೇಲೆ ಹೊನ್ನಿನ ಬಣ್ಣದ ನಕ್ಷತ್ರವನ್ನು ಹೊಲಿಯುವರು. ಇಂದಿಗೂ ಅಂತಹ ಮನೆಯವರಿಗೆ ಹೊನ್ನಿನ ನಕ್ಷತ್ರದ ಕುಟುಂಬ ಎಂಬ ಹೆಸರಿದೆ. ಆ ಬೇಸಗೆಯಲ್ಲಿ ಬೆಡ್‌ಫರ್ಡಿನ ಎಷ್ಟು ತಾಯಂದಿರು ಸೂಜಿದಾರ ಹಿಡಿದು ಕಿಟಕಿಯ ಬಳಿ ಕುಳಿತಿರಬಹುದೆಂದು ವಾಚಕರೇ ಊಹಿಸಬಹುದು.

ಸ್ಮರಣೆಯೆಂಬ ಕಾರ್ಯ ಎಲ್ಲಿಂದ ಮೊದಲಾಗುತ್ತದೆ? ಪ್ರತಿಮೆಯಿಂದಲ್ಲ, ಪಟ್ಟಿಯಿಂದ. ಯುದ್ಧ ಮುಗಿದ ಮರುವರ್ಷ, ಎಂದರೆ 1946ರಲ್ಲಿ, ಅಮೆರಿಕದ ಯುದ್ಧ ಇಲಾಖೆ ತನ್ನ ಭೂಸೈನ್ಯ ಮತ್ತು ವಾಯುಪಡೆಯ ಮೃತರ ಹಾಗೂ ಕಾಣೆಯಾದವರ ಪಟ್ಟಿಯನ್ನು ಅಚ್ಚು ಹಾಕಿಸಿತು. ಗಮನಿಸತಕ್ಕ ಅಂಶವೆಂದರೆ, ಆ ಪಟ್ಟಿ ರೆಜಿಮೆಂಟುಗಳ ಕ್ರಮದಲ್ಲಾಗಲಿ ಪದವಿಗಳ ಕ್ರಮದಲ್ಲಾಗಲಿ ಇಲ್ಲದೆ ಸಂಸ್ಥಾನ ಸಂಸ್ಥಾನವಾಗಿ, ಅದರೊಳಗೆ ಕೌಂಟಿ ಕೌಂಟಿಯಾಗಿ ಇದೆ. ಸೈನ್ಯಕ್ಕೆ ಸೇರಿದಾಗ ಊರಿನಿಂದ ಎರವಲು ಪಡೆದವರನ್ನು ಲೆಕ್ಕ ಒಪ್ಪಿಸುವಾಗ ಊರಿಗೇ ಒಪ್ಪಿಸಿದಂತೆ ಅದು ಕಾಣುತ್ತದೆ. ಪ್ರತಿ ಹೆಸರಿನ ಮುಂದೆಯೂ ಒಂದು ಸಂಕೇತಾಕ್ಷರವುಂಟು: ಹೋರಾಟದಲ್ಲಿ ಹತನಾದವನು, ಗಾಯದಿಂದ ಸತ್ತವನು, ಹೋರಾಟದ ಹೊರಗೆ ಸತ್ತವನು, ಕಾಣೆಯಾದವನು, ಕಾಣೆಯಾಗಿ ಸತ್ತನೆಂದು ತೀರ್ಮಾನಿಸಲ್ಪಟ್ಟವನು. ಹೋರಾಟದ ಹೊರಗೆ ಸತ್ತವರೆಂದರೆ ಶಿಬಿರದ ಜ್ವರದಿಂದಲೋ, ತರಬೇತಿಯ ಅಪಘಾತದಿಂದಲೋ, ಲಾರಿ ಉರುಳಿಯೋ ಸತ್ತವರು. ಅವರ ಮೇಲೆ ಕಥೆಗಳು ಹುಟ್ಟುವುದಿಲ್ಲ, ಚಲನಚಿತ್ರಗಳು ಬರುವುದಿಲ್ಲ. ಆದರೂ ಅದೇ ಪುಟದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ, ವರ್ಣಮಾಲೆಯ ಕ್ರಮದಲ್ಲಿ ಅವರಿಗೂ ಸ್ಥಾನವಿದೆ. ಸೇವೆಯಲ್ಲಿ ಮಡಿದವರು ಎಂಬ ಮಾತಿನ ಪೂರ್ಣವಾದ ಅರ್ಥ ಇದೇ. ಶೌರ್ಯವನ್ನು ತೂಗಿ ನೋಡಿ ಕೊಡುವ ಗೌರವ ಇದಲ್ಲ, ಮನೆಗೆ ಮರಳದವರೆಲ್ಲರಿಗೂ ಸಲ್ಲುವ ಗೌರವ.

ಪಟ್ಟಿಯನ್ನು ಬರೆದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಅಲ್ಲ. ಅದನ್ನು ತಿದ್ದುತ್ತ ಇರಬೇಕು. ಬೆಡ್‌ಫರ್ಡಿನವರು ಅಂದು ಸತ್ತವರು ಹತ್ತೊಂಬತ್ತು ಎಂದು ಬಹುಕಾಲ ಹೇಳುತ್ತ ಬಂದರು. ಅದು ಊರಿನ ಕಂಪನಿಯ ಲೆಕ್ಕ. ಅದೇ ದಿನ ಅದೇ ಒಮಾಹಾ ತೀರದ ಬೇರೊಂದು ಭಾಗದಲ್ಲಿ ‘ಎಫ್’ ಕಂಪನಿಯೊಡನೆ ಇಳಿದು ಸತ್ತ ಬೆಡ್‌ಫರ್ಡಿನ ಮತ್ತೊಬ್ಬನಿದ್ದನು. ಗೆಳೆಯರ ಗುಂಪಿನಲ್ಲಿ ಇಲ್ಲದಿದ್ದುದರಿಂದ ಲೆಕ್ಕದಿಂದಲೂ ಹೊರಗುಳಿದಿದ್ದ ಆತನನ್ನು ಸೇರಿಸಿ ಈಗ ಇಪ್ಪತ್ತು ಎಂದು ಹೇಳುತ್ತಾರೆ. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ಇರುವ ಅಂತರ ಗಣಿತದಲ್ಲಿ ಅಲ್ಪ. ಆ ಒಂದು ಮನೆಗೆ ಅದು ಸರ್ವಸ್ವ. ಜನಸಂಖ್ಯೆಯ ಪ್ರಮಾಣದಲ್ಲಿ ನೋಡಿದರೆ ಅಂದು ಅಮೆರಿಕದ ಯಾವ ಊರಿಗೂ ಇಷ್ಟು ದೊಡ್ಡ ನಷ್ಟವಾದುದು ತಿಳಿದಿಲ್ಲ.

ನಮ್ಮ ನಾಡಿನ ಓದುಗರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಏಕೆಂದರೆ ವೀರಗಲ್ಲುಗಳನ್ನು ಕಾಣದೆ ಬೆಳೆದ ಕನ್ನಡಿಗರು ವಿರಳ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ, ಹೀಗೆ ಪಟ್ಟಿಕೆಗಳಾಗಿ ಕಂಡರಿಸಿದ ಆ ಕಲ್ಲುಗಳು ರಾಜಧಾನಿಯ ಚೌಕದಲ್ಲಿ ನಿಂತಿಲ್ಲ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನ ಕಲ್ಲು ಆ ತುರುಗಳು ಮೇಯುತ್ತಿದ್ದ ಊರಿನ ಅಂಚಿನಲ್ಲಿಯೇ ಇರುತ್ತದೆ. ದಂಡನಾಯಕನ ಕಲ್ಲಿಗೂ ಗೋವಳನ ಕಲ್ಲಿಗೂ ಸ್ವರ್ಗದ ಪಟ್ಟಿಕೆ ಒಂದೇ. ಸಾಮ್ರಾಜ್ಯ ತನ್ನ ಗೆಲವನ್ನು ನೆನೆಯುತ್ತದೆ. ಊರು ತನ್ನ ಮಗನನ್ನು ನೆನೆಯುತ್ತದೆ.

ಬೆಡ್‌ಫರ್ಡಿನಲ್ಲಿ ಈ ಎರಡು ಬಗೆಯ ನೆನಪೂ ಅಕ್ಕಪಕ್ಕದಲ್ಲಿ ನಿಂತಿರುವುದನ್ನು ಕಾಣಬಹುದು. ದಾಳಿಯ ಹತ್ತನೆಯ ವರ್ಷ, 1954ರಲ್ಲಿ, ನ್ಯಾಯಾಲಯದ ಮುಂದಣ ಹುಲ್ಲುಹಾಸಿನ ಮೇಲೆ, ಸತ್ತವರ ತಂದೆತಾಯಿಗಳು ಇನ್ನೂ ಬದುಕಿರುವಾಗಲೇ, ಊರಿನವರು ಒಂದು ಸ್ಮಾರಕಶಿಲೆಯನ್ನು ನಿಲ್ಲಿಸಿದರು. ಅದು ಊರಿನ ಕಲ್ಲು. ಅರ್ಧ ಶತಮಾನ ಸಮೀಪಿಸಿದಾಗ, ಅದೇ ತೀರದಲ್ಲಿ ಹೋರಾಡಿ ಬದುಕಿ ಬಂದ ರೋನೋಕ್ ನಗರದ ಬಾಬ್ ಸ್ಲಾಟರ್ ಮೊದಲಾದವರ ಶ್ರಮದಿಂದ, ಪಟ್ಟಣದ ಪಕ್ಕದ ಗುಡ್ಡದ ಮೇಲೆ 88 ಎಕರೆಯ ವಿಸ್ತಾರದಲ್ಲಿ ರಾಷ್ಟ್ರೀಯ ಡಿ-ಡೇ ಸ್ಮಾರಕ ಎದ್ದಿತು. 2001ರ ಜೂನ್ 6ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅದನ್ನು ಲೋಕಾರ್ಪಣೆ ಮಾಡಿದರು. ಅದರ ಕಮಾನಿನ ಎತ್ತರ 44 ಅಡಿ 6 ಅಂಗುಲ. ದಾಳಿಯ ವರ್ಷವೂ ತಿಂಗಳೂ ಆ ಅಳತೆಯಲ್ಲಿ ಅಡಗಿವೆ. ಕಟ್ಟುವ ಉತ್ಸಾಹದಲ್ಲಿ ಮೈಮೇಲೆ ಎಳೆದುಕೊಂಡ ಸಾಲದಿಂದ ಅದರ ಸಂಸ್ಥೆ ಮರುವರ್ಷವೇ ದಿವಾಳಿಯ ಅರ್ಜಿ ಹಾಕಬೇಕಾಯಿತೆಂಬುದೂ ಸತ್ಯ. ಶಿಲೆಗೂ ಹಣ ಬೇಕು. ಆದರೆ ಆ ಸಂಸ್ಥೆ ಮಾಡಿದ ದೊಡ್ಡ ಕೆಲಸ ಕಮಾನಿನದಲ್ಲ. ಡಿ-ಡೇ ದಿನ ಮಿತ್ರಪಕ್ಷದವರು ಸುಮಾರು 2,500 ಮಂದಿ ಸತ್ತರೆಂದು ಎಲ್ಲರೂ ಅಂದಾಜಿನಿಂದ ಹೇಳುತ್ತಿದ್ದಾಗ, ಈ ಸ್ಮಾರಕದ ಸಂಶೋಧಕರು ದಾಖಲೆಗಳನ್ನು ಒಂದೊಂದಾಗಿ ಕೆದಕಿ, ಒಬ್ಬೊಬ್ಬನನ್ನೂ ಹೆಸರು ಹಿಡಿದು ಎಣಿಸಿ, ಆ ಸಂಖ್ಯೆ 4,400ಕ್ಕೂ ಹೆಚ್ಚೆಂದು ತೋರಿಸಿ, ಅಷ್ಟೂ ಹೆಸರುಗಳನ್ನು ಕಂಚಿನ ಫಲಕಗಳಲ್ಲಿ ಹೊಯ್ಯಿಸಿದರು. ಸಣ್ಣ ಊರು ತನ್ನ ಇಪ್ಪತ್ತು ಮಂದಿಯನ್ನು ಎಣಿಸಿದ ರೀತಿಯಿಂದಲೇ ಒಂದು ಮಹಾಸೇನೆಯನ್ನು ಎಣಿಸಿದಂತಾಯಿತು. ತಂತಿಗಳು ಬಂದ ಆ ಔಷಧದ ಅಂಗಡಿಯೂ ಈಗ ಆ ಹುಡುಗರ ನೆನಪಿನ ಸಂಗ್ರಹಾಲಯವಾಗಿದೆ.

ಇಷ್ಟೆಲ್ಲ ಶಿಲೆ, ಕಂಚು, ಕಮಾನುಗಳ ನಡುವೆ ನನ್ನ ಮನಸ್ಸು ಹೋಗಿ ನಿಲ್ಲುವುದು ಹೋಬ್ಯಾಕ್ ಅವರ ತೋಟದ ಮನೆಯ ಮುಂದೆ. ಆ ಮನೆಗೆ ಮೊದಲ ತಂತಿ ಬಂದುದು ಭಾನುವಾರ ಬೆಳಗ್ಗೆ, ಎಲ್ಲರೂ ಚರ್ಚಿಗೆ ಹೊರಡುವ ಹೊತ್ತಿನಲ್ಲಿ. ಹಿರಿಯ ಮಗ ಬೆಡ್‌ಫರ್ಡ್ ಹತನಾದನೆಂದು ಅದರಲ್ಲಿತ್ತು. ಮರುದಿನ ಎರಡನೆಯದು ಬಂದಿತು. ಕಿರಿಯವನಾದ ರೇಮಂಡ್ ಕಾಣೆಯಾಗಿದ್ದಾನೆಂದು ಅದರಲ್ಲಿತ್ತು. ಸ್ವಲ್ಪ ದಿನಗಳಲ್ಲಿ ಅಂಚೆಯಲ್ಲಿ ಒಂದು ಸಣ್ಣ ಪೊಟ್ಟಣ ಬಂದಿತು. ಪಕ್ಕದ ಸಂಸ್ಥಾನದ ಅಪರಿಚಿತ ಸೈನಿಕನೊಬ್ಬ, ದಾಳಿಯ ಮರುದಿನ ಒಮಾಹಾ ತೀರದಲ್ಲಿ ನಡೆಯುತ್ತಿರುವಾಗ ಮರಳಿನಲ್ಲಿ ಬಿದ್ದಿದ್ದ ಒಂದು ಬೈಬಲ್ ಗ್ರಂಥವನ್ನು ಎತ್ತಿಕೊಂಡು, 1938ರ ಕ್ರಿಸ್ಮಸ್ಸಿನಲ್ಲಿ ತಾಯಿ ರೇಮಂಡನಿಗೆ ಕೊಟ್ಟುದೆಂದು ಒಳಗೆ ಬರೆದಿದ್ದುದನ್ನೂ ವಿಳಾಸವನ್ನೂ ನೋಡಿ, ಕಳೆದುಕೊಂಡವನು ಕ್ಷೇಮವಾಗಿರುವನೆಂಬ ನಂಬಿಕೆಯಿಂದ ಮನೆಗೆ ಕಳುಹಿಸಿದ್ದನು. ರೇಮಂಡನ ದೇಹ ಎಂದೂ ಸಿಗಲಿಲ್ಲ. ತೀರದಲ್ಲಿ ಆತನಿಂದ ಉಳಿದು ಮನೆ ಸೇರಿದುದು ಆ ಪುಸ್ತಕವೊಂದೇ.

ಯುದ್ಧ ಮುಗಿದ ಬಳಿಕ ಸರ್ಕಾರ ಪ್ರತಿಯೊಂದು ಕುಟುಂಬವನ್ನೂ ಕೇಳಿತು: ನಿಮ್ಮವನ ದೇಹವನ್ನು ಊರಿಗೆ ತರಿಸಬೇಕೆ, ಅಥವಾ ಅವನು ಬಿದ್ದ ನೆಲದಲ್ಲಿಯೇ ಇರಲಿ ಎನ್ನುವಿರಾ? ಅನೇಕರು ತರಿಸಿಕೊಂಡರು. ಹೋಬ್ಯಾಕ್ ದಂಪತಿಗಳು ತರಿಸಲಿಲ್ಲ. ತಮ್ಮನ ದೇಹ ಸಿಗದಿರುವಾಗ ಅಣ್ಣನನ್ನು ಮಾತ್ರ ಕರೆತಂದು, ಇಬ್ಬರ ನಡುವೆ ಸಾಗರವನ್ನಿಡುವುದು ಅವರಿಗೆ ಬೇಡವಾಯಿತು. ಇಂದು ಒಮಾಹಾ ತೀರದ ಮೇಲಣ ದಿಬ್ಬದಲ್ಲಿ, ಕೊಲ್‌ವಿಲ್‌ನ ಅಮೆರಿಕನ್ ಸಮಾಧಿಭೂಮಿಯಲ್ಲಿ, ಒಂಬತ್ತು ಸಾವಿರಕ್ಕೂ ಹೆಚ್ಚು ಬಿಳಿಯ ಕಲ್ಲುಗಳ ನಡುವೆ ಅಣ್ಣನ ಸಮಾಧಿಯಿದೆ. ತಮ್ಮನ ಹೆಸರು ಅದೇ ಭೂಮಿಯಲ್ಲಿರುವ ಕಾಣೆಯಾದವರ ಗೋಡೆಯ ಮೇಲಿದೆ.